ವಿಯೆಟ್ನಾಮಿನ ಅಡುಗೆ ನಮ್ಮ ಒಲೆಯ ಮೇಲೆ: ಯಾವುದಕ್ಕೆ ಬದಲಿ ಉಂಟು, ಯಾವುದಕ್ಕೆ ಇಲ್ಲ

ಕಾವೇರಿಬಯಲು (ಮೈಸೂರು)

ನಾಲ್ಕು ವರ್ಷ ಹೋ ಚಿ ಮಿನ್ ನಗರದಲ್ಲಿ ಉದ್ಯೋಗದಲ್ಲಿದ್ದು ಮೈಸೂರಿಗೆ ಮರಳಿ ಬಂದವಳು ನಾನು. ಅಲ್ಲಿದ್ದಾಗ ಮನೆಯಲ್ಲಿ ಅನ್ನ ಸಾರನ್ನೇ ಮಾಡಿಕೊಳ್ಳುತ್ತಿದ್ದೆ. ಅಲ್ಲಿಯ ಊಟ ಬೇಕೆನಿಸಿದರೆ ಓಣಿಯ ತಿರುವಿಗೆ ಹೋದರೆ ಸಾಕಾಗಿತ್ತು. ಈಗ ಆ ಓಣಿ ಇಲ್ಲ, ಆಸೆ ಮಾತ್ರ ಉಳಿದಿದೆ.

ಕಳೆದ ಎರಡು ತಿಂಗಳಲ್ಲಿ ಫೋ ಎಂಬ ಅಕ್ಕಿ ನೂಡಲ್ಸಿನ ತಿಳಿಸಾರನ್ನು ಮಾಡಲು ಮೂರು ಬಾರಿ ಪ್ರಯತ್ನಿಸಿ ಮೂರು ಬಾರಿಯೂ ಸೋತಿದ್ದೇನೆ. ಮೊದಲ ಸಲ ಚಕ್ರಮೊಗ್ಗು, ಚಕ್ಕೆ, ಲವಂಗಗಳನ್ನು ಹುರಿದು ಪುಡಿ ಮಾಡಿ ಹಾಕಿದೆ, ಏಕೆಂದರೆ ಕೈಗೆ ರೂಢಿಯಾಗಿರುವುದು ಅದೇ. ಬಂದದ್ದು ಪಲಾವಿನ ಪರಿಮಳದ ಕಂದು ನೀರು. ಎರಡನೆಯ ಸಲ ಮಸಾಲೆಯನ್ನು ಇಡಿಯಾಗಿಯೇ ಹಾಕಿದೆನಾದರೂ ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದ್ದರಿಂದ ಸಾರು ಅಕ್ಕಿ ತೊಳೆದ ನೀರಿನಂತೆ ಕದಡಿತು. ಮೂರನೆಯ ಸಲ ಸಾರು ತಕ್ಕಮಟ್ಟಿಗೆ ತಿಳಿಯಾಗಿತ್ತು, ಆದರೆ ಅಕ್ಕಿ ನೂಡಲ್ಸನ್ನು ಅದರಲ್ಲೇ ಬೇಯಲು ಬಿಟ್ಟು ಫೋನಿನಲ್ಲಿ ಮಾತಿಗೆ ಕುಳಿತೆ. ಹಿಂತಿರುಗುವಷ್ಟರಲ್ಲಿ ಪಾತ್ರೆಯಲ್ಲಿ ಗಂಜಿ ಇತ್ತು.

ಮನೆಯಲ್ಲಿ ಗೋಮಾಂಸ ಬಳಸುವುದಿಲ್ಲ, ಕೋಳಿ ಆಗಬಹುದು. ಅತ್ತೆಯವರು ಸಸ್ಯಾಹಾರಿಗಳು. ಈ ಅಡುಗೆಯಲ್ಲಿ ಯಾವ ಪದಾರ್ಥಕ್ಕೆ ನಮ್ಮಲ್ಲಿ ಬದಲಿ ಹುಡುಕಬಹುದು, ಯಾವುದಕ್ಕೆ ಹುಡುಕಲೇಬಾರದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕೆಂಪುನದಿ (ಹನೋಯ್)

ನಿಮ್ಮ ಮೂರು ಸೋಲುಗಳನ್ನೂ ನಾನು ಇದೇ ಕ್ರಮದಲ್ಲಿ ಅನುಭವಿಸಿದ್ದೇನೆ. ಹನೋಯ್‌ಗೆ ಬಂದು ಒಂಬತ್ತು ವರ್ಷವಾಯಿತು. ಪಕ್ಕದ ಮನೆಯ ಅಜ್ಜಿಯೊಬ್ಬರು ನನ್ನ ಕುಕ್ಕರಿನ ಸದ್ದು ಕೇಳಿ ಗಾಬರಿಯಾಗಿ ಬಂದವರು, ನನ್ನ ಸಾರನ್ನು ನೋಡಿ ಇನ್ನಷ್ಟು ಗಾಬರಿಯಾದರು. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಅವರಿಂದ ಕಲಿತದ್ದು.

ನಮ್ಮ ಮಸಾಲೆ ಸಾರಿನ ದೇಹವೇ ಆಗಿರುತ್ತದೆ. ಫೋದಲ್ಲಿ ಅದು ಬರಿಯ ಪರಿಮಳ, ದೇಹ ಎಲುಬಿನದು. ಆದ್ದರಿಂದ ಮಸಾಲೆಯನ್ನು ಪುಡಿ ಮಾಡಬಾರದು. ಬರಿಯ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಕೊನೆಯ ಮುಕ್ಕಾಲು ಗಂಟೆಯಲ್ಲಿ ಮಾತ್ರ ಸಾರಿನಲ್ಲಿ ಇಳಿಬಿಟ್ಟು, ಪರಿಮಳ ಸಾಕೆನಿಸಿದ ಕೂಡಲೇ ಎತ್ತಿಬಿಡಬೇಕು. ನಾಲ್ಕು ಜನರ ಕೋಳಿ ಫೋಗೆ ಎರಡು ಚಕ್ರಮೊಗ್ಗು, ಬೆರಳುದ್ದದ ಒಂದು ಚಕ್ಕೆ, ಎರಡು ಲವಂಗ, ಒಂದು ಚಮಚ ಕೊತ್ತಂಬರಿ ಬೀಜ ಸಾಕು. ಕೋಳಿಯಾದರೆ ಚಕ್ರಮೊಗ್ಗು ಕಡಿಮೆಯಾಗಿ ಶುಂಠಿ, ಕೊತ್ತಂಬರಿ ಬೀಜಗಳೇ ಮುಂದಿರಬೇಕು. ದನದ ಮಾಂಸದ ಫೋಗೆ ಇಲ್ಲಿಯವರು ಬಳಸುವ ದೊಡ್ಡ ಏಲಕ್ಕಿ ನಮ್ಮ ಕಪ್ಪು ಏಲಕ್ಕಿಯ ದಾಯಾದಿ, ಅದೇ ಅಲ್ಲ. ಆದರೂ ಹೊಗೆಯ ವಾಸನೆ ಎರಡರಲ್ಲೂ ಇರುವುದರಿಂದ ಬದಲಿಗೆ ಅಡ್ಡಿಯಿಲ್ಲ. ಚಕ್ರಮೊಗ್ಗಿನ ವಿಷಯದಲ್ಲಿ ನೀವು ಚಿಂತಿಸಬೇಕಾದದ್ದೇ ಇಲ್ಲ. ಇಲ್ಲಿ ಅದು ಚೀನಾ ಗಡಿಯ ಲಾಂಗ್ ಸೊನ್ ಪ್ರಾಂತ್ಯದ ಬೆಳೆ. ನಿಮಗೆ ದೇವರಾಜ ಮಾರುಕಟ್ಟೆಯಲ್ಲಿ ಸಿಗುವುದೂ ಕೆಲಸ ಮಾಡುತ್ತದೆ.

ಸಾರು ಕದಡುವುದಕ್ಕೆ ಕಾರಣ ಜೋರು ಕುದಿತ. ಕುದಿಯುವ ನೀರು ಕೊಬ್ಬನ್ನು ಒಡೆದು ಸಣ್ಣ ಸಣ್ಣ ಹನಿಗಳಾಗಿ ಸಾರಿನಲ್ಲಿ ಬೆರೆಸಿಬಿಡುತ್ತದೆ, ಆಮೇಲೆ ಎಷ್ಟು ಸೋಸಿದರೂ ತಿಳಿಯಾಗದು. ಕುಕ್ಕರಿನಲ್ಲಿ ಸೀಟಿ ಕೂಗಿದಾಗಲೆಲ್ಲ ಒಳಗೆ ನಡೆಯುವುದು ಇದೇ. ಕುಕ್ಕರನ್ನೇ ಬಳಸುವುದಾದರೆ ಆವಿ ತುಂಬಿದ ಕೂಡಲೇ ಉರಿಯನ್ನು ಪೂರ್ತಿ ತಗ್ಗಿಸಿ, ಮತ್ತೆ ಸೀಟಿ ಕೂಗದಂತೆ ನೋಡಿಕೊಂಡು, ತಾನಾಗಿ ಆರಲು ಬಿಡಬೇಕು. ಅದಕ್ಕೂ ಮೊದಲು ಎಲುಬನ್ನು ಒಮ್ಮೆ ಬೇರೆ ನೀರಿನಲ್ಲಿ ಐದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ, ಎಲುಬನ್ನು ತಣ್ಣೀರಿನಲ್ಲಿ ಉಜ್ಜಿ ತೊಳೆಯುವುದು ಇಲ್ಲಿ ಯಾರೂ ಬಿಡದ ಕೆಲಸ. ಈರುಳ್ಳಿಯನ್ನೂ ಶುಂಠಿಯನ್ನೂ ಬದನೆಕಾಯಿ ಸುಟ್ಟಂತೆ ನೇರ ಉರಿಯ ಮೇಲೆ ಸುಟ್ಟು, ಕರಿ ಸಿಪ್ಪೆಯನ್ನು ತೆಗೆದು ಹಾಕಿ. ಸಾರಿನ ಹೊಂಬಣ್ಣವೂ ಸಣ್ಣ ಸಿಹಿಯೂ ಬರುವುದು ಅಲ್ಲಿಂದ.

ಕೋಳಿಗೆ ನಾಟಿ ಕೋಳಿಯನ್ನೇ ತರಿಸಿ. ಇಲ್ಲಿಯವರೂ ಫಾರಂ ಕೋಳಿಯನ್ನು ಫೋಗೆ ಒಪ್ಪುವುದಿಲ್ಲ. ಇಡೀ ಕೋಳಿಯನ್ನು ನಸುಗುಳ್ಳೆ ಏಳುವ ನೀರಿನಲ್ಲಿ ಮೃದುವಾಗುವವರೆಗೆ ಬೇಯಿಸಿ ತೆಗೆದು, ತಣ್ಣೀರಿನಲ್ಲಿ ಮುಳುಗಿಸಿದರೆ ಚರ್ಮ ಬಿಗಿಯಾಗಿ ಹೊಳೆಯುತ್ತದೆ. ಮಾಂಸವನ್ನು ಬಿಡಿಸಿಕೊಂಡು ಮೂಳೆಗಳನ್ನು ಮತ್ತೆ ಅದೇ ಸಾರಿಗೆ ಹಾಕಿ ಎರಡು ಗಂಟೆ ಇಡಬೇಕು.

ಅಕ್ಕಿ ನೂಡಲ್ಸ್ ಸಾರಿನಲ್ಲಿ ಬೇಯುವ ಪದಾರ್ಥವೇ ಅಲ್ಲ. ಒಣ ನೂಡಲ್ಸನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಉಣ್ಣುವ ಹೊತ್ತಿಗೆ ಜರಡಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ಅದ್ದಿ, ಬಟ್ಟಲಿಗೆ ಹಾಕಿ, ಮೇಲಿನಿಂದ ಕುದಿಕುದಿಯುವ ಸಾರನ್ನು ಸುರಿಯಿರಿ. ಆಮೇಲೆ ಫೋನು ಬಂದರೂ ಎತ್ತಬೇಡಿ.

ಒಗ್ಗರಣೆ ಡಬ್ಬಿ (ಶಿವಮೊಗ್ಗ)

ನನ್ನದು ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆಮನೆ. ಈ ಅಡುಗೆಯ ವಿವರಗಳನ್ನು ಓದಲು ನನಗೆ ಬಹಳ ಇಷ್ಟ, ಆದರೆ ಪ್ರತಿಯೊಂದರಲ್ಲೂ ಮೀನಿನ ರಸ ಬಂದೇ ಬರುತ್ತದೆ. ಅದನ್ನು ಬಿಟ್ಟು ಮಾಡಿದರೆ ಅದನ್ನು ವಿಯೆಟ್ನಾಮಿನ ಅಡುಗೆ ಎಂದು ಕರೆಯುವುದು ನ್ಯಾಯವೇ? ಕಾವೇರಿಬಯಲು ಅವರ ಅತ್ತೆಯವರ ಪರವಾಗಿಯೂ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ.

ಕೊಲ್ಲಿಯಾಚೆ (ಸ್ಯಾನ್ ಹೋಸೆ)

ಸಸ್ಯಾಹಾರದ ಮಾತನ್ನು ಹನೋಯ್‌ನವರಿಗೆ ಬಿಟ್ಟು ನಾನು ಮೀನಿನ ರಸದ ಬಗ್ಗೆ ಹೇಳುತ್ತೇನೆ. 1975ರ ನಂತರ ವಿಯೆಟ್ನಾಮನ್ನು ಬಿಟ್ಟು ಬಂದ ಬಹಳಷ್ಟು ಕುಟುಂಬಗಳು ನೆಲೆ ನಿಂತ ಊರು ನನ್ನದು, ಹಾಗಾಗಿ ಇಲ್ಲಿಯ ಅಂಗಡಿಗಳಲ್ಲಿ ಅದರ ಶೀಸೆಗಳಿಗೇ ಒಂದು ಇಡೀ ಸಾಲು ಇರುತ್ತದೆ. ಮೊದಲು ಕೈಗೆ ಸಿಕ್ಕಿದ್ದನ್ನು ತಂದು, ವಾಸನೆಗೆ ಹೆದರಿ, ಶೀಸೆಯನ್ನು ಬಾಲ್ಕನಿಯಲ್ಲಿ ಇಟ್ಟಿದ್ದವನು ನಾನು.

ನುವೊಕ್ ಮಾಮ್ ಎಂಬುದು ಬೆರಳುದ್ದದ ಆಂಚೊವಿ ಮೀನು ಮತ್ತು ಉಪ್ಪು, ಇವೆರಡರದ್ದೇ ಸೃಷ್ಟಿ. ಸುಮಾರು ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಸೇರಿಸಿ, ಮರದ ದೊಡ್ಡ ಪೀಪಾಯಿಗಳಲ್ಲಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹುದುಗಲು ಬಿಟ್ಟು, ತಳದಿಂದ ರಸವನ್ನು ಇಳಿಸಿಕೊಳ್ಳುತ್ತಾರೆ. ಫೂ ಕ್ವೋಕ್ ದ್ವೀಪವೂ ಫಾನ್ ಥಿಯೆತ್ ಎಂಬ ಕರಾವಳಿಯ ಊರೂ ಇದಕ್ಕೆ ಹೆಸರಾದವು; ಫೂ ಕ್ವೋಕ್‌ನ ಹೆಸರಿಗೆ ಐರೋಪ್ಯ ಒಕ್ಕೂಟವು 2012ರಲ್ಲಿ, ಷಾಂಪೇನಿಗೆ ಕೊಟ್ಟಂತಹ ಮೂಲಸ್ಥಾನದ ರಕ್ಷಣೆಯನ್ನು ಕೊಟ್ಟಿತು. ಕೊಳ್ಳುವಾಗ ಚೀಟಿಯ ಮೇಲೆ ಎರಡನ್ನು ನೋಡಿ: ಪದಾರ್ಥಗಳ ಪಟ್ಟಿಯಲ್ಲಿ ಮೀನು, ಉಪ್ಪು ಬಿಟ್ಟು ಹೆಚ್ಚೇನೂ ಇರಬಾರದು, 30 ಅಥವಾ 40 ಎಂಬ ಅಂಕಿಯ ಮುಂದೆ ಎನ್ ಅಕ್ಷರವಿದ್ದರೆ ಅದು ಒಂದು ಲೀಟರಿನಲ್ಲಿರುವ ಸಾರಜನಕದ ಗ್ರಾಂ ಲೆಕ್ಕ, ಅಂದರೆ ಮೀನಿನ ಸತ್ವ ಎಷ್ಟು ಗಟ್ಟಿಯಾಗಿದೆ ಎಂಬುದರ ಅಳತೆ. 40ರದ್ದನ್ನು ಅದ್ದಿಕೊಳ್ಳಲು ಇಟ್ಟುಕೊಂಡು, ಕಡಿಮೆಯದನ್ನು ಒಲೆಯ ಮೇಲಿನ ಅಡುಗೆಗೆ ಬಳಸಿದರೆ ದುಡ್ಡೂ ಉಳಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ಅಡುಗೆಯನ್ನು ಕಲಿಯುವವರು ಫೋದಿಂದ ಆರಂಭಿಸಲೇಬಾರದು, ನುವೊಕ್ ಚಾಮ್ ಎಂಬ ಅದ್ದುರಸದಿಂದ ಆರಂಭಿಸಬೇಕು. ಒಂದು ದೊಡ್ಡ ಚಮಚ ಸಕ್ಕರೆಯನ್ನು ನಾಲ್ಕು ಚಮಚ ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಆರಿದ ಮೇಲೆ ಒಂದು ಚಮಚ ನಿಂಬೆರಸ ಹಿಂಡಿ ರುಚಿ ನೋಡಿ. ಅದು ಒಳ್ಳೆಯ ಪಾನಕದಂತೆ ಇರಬೇಕು. ಆಮೇಲೆ ಒಂದು ಚಮಚ ಮೀನಿನ ರಸವನ್ನು ಸೇರಿಸಿ. ಸಣ್ಣಗೆ ಕೊಚ್ಚಿದ ಬೆಳ್ಳುಳ್ಳಿಯನ್ನೂ ಮೆಣಸಿನಕಾಯಿಯನ್ನೂ ಎಲ್ಲಕ್ಕಿಂತ ಕೊನೆಗೆ ಹಾಕಿದರೆ ಅವು ಮೇಲೆ ತೇಲುತ್ತವೆ. ಹಾಗೆ ತೇಲುವುದನ್ನು ನೋಡಿಯೇ ಮನೆಯವರ ಕೈಗುಣವನ್ನು ಅಳೆಯುವ ಹಿರಿಯರು ಇಲ್ಲಿದ್ದಾರೆ. ಇದು ಒಮ್ಮೆ ನಾಲಿಗೆಗೆ ಕುಳಿತಿತೆಂದರೆ ತಣ್ಣನೆಯ ಶ್ಯಾವಿಗೆ, ಸೊಪ್ಪು, ಹುರಿದ ಏನಾದರೊಂದು ಇದ್ದರೂ ಊಟ ಸಿದ್ಧ. ಅಲ್ಲಿಯ ಅಡುಗೆ ಒಲೆಯ ಮೇಲೆ ಅರ್ಧ ಮುಗಿಯುತ್ತದೆ, ಉಳಿದರ್ಧವನ್ನು ಉಣ್ಣುವವರು ಮೇಜಿನ ಮೇಲೆ ಮುಗಿಸುತ್ತಾರೆ. ಎಲ್ಲ ರುಚಿಯನ್ನೂ ಪಾತ್ರೆಯೊಳಗೇ ತುಂಬಿ ಬಡಿಸುವುದು ನಮ್ಮ ಪದ್ಧತಿಯಾದ್ದರಿಂದ ನಾವು ಎಡವುವುದು ಇಲ್ಲಿಯೇ.

ಕೆಂಪುನದಿ (ಹನೋಯ್)

ಒಗ್ಗರಣೆ ಡಬ್ಬಿಯವರೆ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯ ಪಂಚಾಂಗದಲ್ಲಿಯೇ ಇದೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ, ಬೌದ್ಧ ಮನೆಗಳಲ್ಲಿ ಅನೇಕರು ಮಾಂಸ ಮೀನು ಮುಟ್ಟುವುದಿಲ್ಲ. ಈ ಊಟಕ್ಕೆ ‘ಚಾಯ್’ ಎನ್ನುತ್ತಾರೆ. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಹ್ವೇ ನಗರದಲ್ಲಿ ಈ ಬಗೆಯ ಅಡುಗೆ ಬಹಳ ನಯವಾಗಿ ಬೆಳೆದಿದೆ. ಅಲ್ಲಿಯ ವಿಹಾರಗಳ ಭಿಕ್ಷುಗಳು ಈರುಳ್ಳಿ, ಬೆಳ್ಳುಳ್ಳಿಗಳನ್ನೂ ಬಿಡುತ್ತಾರೆ ಎಂಬುದು ನಿಮಗೆ ಸಂತೋಷ ಕೊಡಬಹುದು.

ಮೀನಿನ ರಸಕ್ಕೆ ಅವರು ಸೋಯಾ ರಸವನ್ನು ಬಳಸುತ್ತಾರೆ. ಮನೆಗಳಲ್ಲಿ ಅನಾನಸ್ ಹಣ್ಣಿನಿಂದ ಮಾಡುವ ಕ್ರಮವೂ ಉಂಟು. ಹಣ್ಣಿನ ತುಂಡುಗಳನ್ನೂ ತೊಳೆದ ಸಿಪ್ಪೆಯನ್ನೂ ಉಪ್ಪು ನೀರಿನಲ್ಲಿ ಒಂದು ಗಂಟೆ ಕುದಿಸಿ, ಸೋಸಿ, ಬಣ್ಣಕ್ಕೆ ಸುಟ್ಟ ಸಕ್ಕರೆಯ ಪಾಕವನ್ನು ಸೇರಿಸಿ ಇಳಿಸುತ್ತಾರೆ. ಮೀನಿನ ಘಾಟು ಇದರಲ್ಲಿ ಬರುವುದಿಲ್ಲ, ಉಪ್ಪು ಹುಳಿ ಸಿಹಿಯ ಆ ಹೊಂದಾಣಿಕೆ ಮಾತ್ರ ಬರುತ್ತದೆ. ಸಸ್ಯಾಹಾರದ ಫೋಗೆ ಮೂಲಂಗಿ, ಕ್ಯಾರೆಟ್, ಎಲೆಕೋಸು, ಮುಸುಕಿನ ಜೋಳದ ದಿಂಡು, ಒಣಗಿಸಿದ ಶಿಟಾಕೆ ಅಣಬೆ, ಸಿಕ್ಕರೆ ಒಂದು ಗೇಣು ಸಿಪ್ಪೆ ತೆಗೆದ ಕಬ್ಬು, ಇಷ್ಟನ್ನು ಒಂದೂವರೆ ಗಂಟೆ ಸಣ್ಣ ಉರಿಯಲ್ಲಿಟ್ಟರೆ ಸಾಕು. ತರಕಾರಿ ಹೆಚ್ಚು ಹೊತ್ತು ಬೆಂದರೆ ಸಾರು ಮಂಕಾಗುತ್ತದೆ.

ಅಳಿವೆಬಾಗಿಲು (ಕುಂದಾಪುರ)

ಫೋವನ್ನು ನಾನು ಮುಟ್ಟುವುದಿಲ್ಲ, ಬಾನ್ ಸೆಯೋದ ಬಗ್ಗೆ ಎರಡು ಮಾತು ಹೇಳುತ್ತೇನೆ. ‘ಬಾನ್’ ಎಂದರೆ ಹಿಟ್ಟಿನ ತಿಂಡಿ, ‘ಸೆಯೋ’ ಎಂದರೆ ಕಾದ ಕಾವಲಿಗೆ ಹಿಟ್ಟು ಬಿದ್ದಾಗ ಬರುವ ಚುಂಯ್ ಸದ್ದು. ಹೆಸರನ್ನು ಕೇಳಿದ ದಿನವೇ ಇದು ನಮ್ಮ ಪೈಕಿಯದು ಎಂದು ತೀರ್ಮಾನಿಸಿ, ನೀರುದೋಸೆಯ ಹಿಟ್ಟಿಗೆ ಅರಿಶಿನ ಹಾಕಿ ಹೊಯ್ದೆ. ಬಂದದ್ದು ಹಳದಿ ನೀರುದೋಸೆಯೇ. ಮೆತ್ತಗೆ, ಹೊಳಪಾಗಿ, ಕೋಳಿ ಸಾರಿಗೆ ಬಹಳ ಚೆನ್ನಾಗಿತ್ತು, ಆದರೆ ಅದು ಬಾನ್ ಸೆಯೋ ಆಗಿರಲಿಲ್ಲ.

ನೀರುದೋಸೆಯನ್ನು ನಾವು ಮುಚ್ಚಿ ಆವಿಯಲ್ಲಿ ಬೇಯಿಸಿ ಬಿಳಿಯಾಗಿರುವಾಗಲೇ ಎತ್ತುತ್ತೇವೆ. ಬಾನ್ ಸೆಯೋವನ್ನು ಮೊದಲು ಮುಚ್ಚಿ, ಆಮೇಲೆ ಮುಚ್ಚಳ ತೆಗೆದು, ಅಂಚು ಕಾವಲಿಯಿಂದ ತಾನಾಗಿ ಬಿಟ್ಟುಕೊಂಡು ಗರಿಗರಿಯಾಗುವವರೆಗೆ ಕಾಯಬೇಕು. ನನಗೆ ಹದ ಸಿಕ್ಕಿದ ಅಳತೆ ಇದು: ಇನ್ನೂರು ಗ್ರಾಂ ನುಣುಪಾದ ಅಕ್ಕಿ ಹಿಟ್ಟು, ಎರಡು ಚಮಚ ಮುಸುಕಿನ ಜೋಳದ ಪಿಷ್ಟ, ಒಂದು ಸಣ್ಣ ಚಮಚ ಅರಿಶಿನ, ಅರ್ಧ ಲೋಟ ದಪ್ಪ ತೆಂಗಿನ ಹಾಲು, ಎರಡು ಲೋಟ ನೀರು, ಉಪ್ಪು, ಹೆಚ್ಚಿದ ಈರುಳ್ಳಿ ಸೊಪ್ಪು. ಹುದುಗಿಸುವುದು ಬೇಡ, ಅರ್ಧ ಗಂಟೆ ನೆನೆದರೆ ಸಾಕು. ತೆಂಗಿನ ಹಾಲು ಹೆಚ್ಚಾದರೆ ಗರಿಯಾಗುವುದಿಲ್ಲ. ಕಬ್ಬಿಣದ ಕಾವಲಿಗೆ ಧಾರಾಳವಾಗಿ ಎಣ್ಣೆ ಹಾಕಿ, ಸಿಗಡಿಯನ್ನು ಮೊದಲು ಬಾಡಿಸಿ, ಅದರ ಮೇಲೆಯೇ ಹಿಟ್ಟನ್ನು ಸುತ್ತಲೂ ತೆಳುವಾಗಿ ಹರಡಿ, ಮೊಳಕೆಯನ್ನು ಒಂದು ಪಕ್ಕಕ್ಕೆ ಇಟ್ಟು, ಕೊನೆಗೆ ಅರ್ಧಚಂದ್ರಾಕಾರಕ್ಕೆ ಮಡಿಸುವುದು. ಮೊಳಕೆ ಎಂದರೆ ನಾವು ಕೋಸಂಬರಿಗೆ ಬಳಸುವ ಚೋಟು ಮೊಳಕೆಯಲ್ಲ. ಹೆಸರುಕಾಳನ್ನು ಕತ್ತಲೆಯಲ್ಲಿ, ಮೇಲೊಂದು ಭಾರವಿಟ್ಟು, ದಿನಕ್ಕೆರಡು ಬಾರಿ ನೀರು ಚಿಮುಕಿಸಿ ನಾಲ್ಕೈದು ದಿನ ಬೆಳೆಸಿದರೆ ಬರುವ ಬೆರಳುದ್ದದ ದಪ್ಪ ಮೊಳಕೆ.

ತಿನ್ನುವ ಕ್ರಮವೂ ಬೇರೆ. ಒಂದು ತುಂಡು ಮುರಿದು, ದೊಡ್ಡ ಸೊಪ್ಪಿನ ಎಲೆಯಲ್ಲಿ ಪರಿಮಳದ ಎಲೆಗಳೊಂದಿಗೆ ಸುತ್ತಿ, ಅದ್ದುರಸದಲ್ಲಿ ಮುಳುಗಿಸಿ ತಿನ್ನುತ್ತಾರೆ. ನನ್ನ ತಾಯಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಗರಿಗರಿಯಾಗಲು ಅಷ್ಟು ಕಾದು, ಆಮೇಲೆ ಹಸಿ ಎಲೆಯಲ್ಲಿ ಸುತ್ತಿ ನೀರಿನಲ್ಲಿ ಅದ್ದುವುದೇಕೆ ಎಂದು ಅವರು ಕೇಳುತ್ತಾರೆ.

ಒಗ್ಗರಣೆ ಡಬ್ಬಿ (ಶಿವಮೊಗ್ಗ)

ಹನೋಯ್‌ನವರ ಮಾತಿನಿಂದ ಧೈರ್ಯ ಬಂದು ಮೆಕಾಂಗ್ ನದೀಮುಖದ ಕಾನ್ ಚುವಾ ಎಂಬ ಹುಳಿ ಸಾರನ್ನು ನಿನ್ನೆ ಮಾಡಿದೆ. ಅಲ್ಲಿ ಇದನ್ನು ಹೊಳೆಮೀನು ಹಾಕಿ ಮಾಡುವುದು ವಾಡಿಕೆಯಂತೆ. ನಾನು ತೋಫು ಹಾಕಿದೆ. ಪದಾರ್ಥಗಳ ಪಟ್ಟಿಯನ್ನು ನೋಡಿದಾಗ ನನಗೆ ನಗು ಬಂತು: ಹುಣಸೆಹಣ್ಣು, ಅನಾನಸ್, ಟೊಮ್ಯಾಟೊ, ಬೆಂಡೆಕಾಯಿ, ಕೆಸುವಿನ ಜಾತಿಯ ದಂಟು. ಮಲೆನಾಡಿನ ಹಿತ್ತಿಲಿನಲ್ಲಿ ಮಳೆಗಾಲಕ್ಕೆ ಇವುಗಳಲ್ಲಿ ಅರ್ಧ ನಿಂತಲ್ಲೇ ಸಿಗುತ್ತವೆ. ಆದರೆ ಅವರು ಬಳಸುವ ದಂಟು ತುರಿಸದ ಬೇರೆ ಜಾತಿಯದು, ಸ್ಪಂಜಿನಂತೆ ಸಾರನ್ನು ಹೀರಿಕೊಳ್ಳುತ್ತದೆ, ಕೊನೆಯ ನಿಮಿಷದಲ್ಲಿ ಹಾಕಿ ಗರುಕಾಗಿಯೇ ತಿನ್ನುತ್ತಾರೆ. ನಮ್ಮ ಕೆಸುವಿನ ದಂಟನ್ನು ಹಾಗೆ ಹಾಕಿದರೆ ಗಂಟಲು ಕೆರೆದು ರಾತ್ರಿಯಿಡೀ ಕೂರಬೇಕಾಗುತ್ತದೆ. ಹುಣಸೆಹುಳಿಯಲ್ಲಿ ಪೂರ್ತಿ ಬೇಯಿಸಿಯೇ ಸೇರಿಸಿದೆ.

ಕೈ ತಡೆದುಕೊಳ್ಳಲು ಕಷ್ಟವಾದದ್ದು ಎರಡೇ ಕಡೆ. ಬೇಳೆ ಇಲ್ಲ, ಸಾರಿನ ಪುಡಿಯೂ ಇಲ್ಲ. ಹುಳಿ ಸಿಹಿಯ ಆ ತಿಳಿನೀರಿಗೆ ಸಾಸಿವೆ ಕರಿಬೇವಿನ ಒಗ್ಗರಣೆ ಹಾಕದೆ ಬಿಡುವುದು ನನ್ನ ಹೆಸರಿಗೆ ದ್ರೋಹ ಮಾಡಿದಂತೆ ಅನಿಸಿತು, ಆದರೂ ಬಿಟ್ಟೆ. ಅನಾನಸ್ ಗೊಜ್ಜನ್ನು ಯಾರೋ ಮಳೆಯಲ್ಲಿ ತೊಳೆದು ಕೊಟ್ಟಂತೆ ಇತ್ತು. ಮನೆಯವರು ಎರಡನೆಯ ಬಟ್ಟಲನ್ನು ಕೇಳಿ ಹಾಕಿಸಿಕೊಂಡರು.

ಕೊಲ್ಲಿಯಾಚೆ (ಸ್ಯಾನ್ ಹೋಸೆ)

ಒಗ್ಗರಣೆಯನ್ನು ಬಿಟ್ಟದ್ದು ಒಳ್ಳೆಯದಾಯಿತು. ಈ ಸಾರಿನ ಪರಿಮಳ ರಾವ್ ಓಮ್ ಎಂಬ ಗದ್ದೆಬದುವಿನ ಎಲೆಯದು, ಇಳಿಸಿದ ಮೇಲೆ ಹೆಚ್ಚಿ ಉದುರಿಸುವುದು. ಅದರ ವಾಸನೆ ಜೀರಿಗೆ ಮತ್ತು ನಿಂಬೆಯ ನಡುವೆ ಎಲ್ಲೋ ಇದೆ. ಸಿಗದಿದ್ದರೆ ಚಿಟಿಕೆ ಜೀರಿಗೆ ಪುಡಿಯನ್ನು ಉದುರಿಸಿ ಎಂದು ಇಲ್ಲಿ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಜೀರಿಗೆ ಬಿದ್ದ ಕೂಡಲೇ ಸಾರು ನಮ್ಮ ಕಡೆಗೆ ವಾಲಿಬಿಡುತ್ತದೆ.

ಎಲೆಗಳ ವಿಷಯದಲ್ಲಿ ನಾನು ಹಟಮಾರಿ. ಕೊತ್ತಂಬರಿ ಸೊಪ್ಪು, ಪುದೀನ ಸಾಕು ಎಂದು ಅನೇಕರು ಬರೆಯುತ್ತಾರೆ. ಅವು ಬೇಕು, ಸಾಲುವುದಿಲ್ಲ. ತುಳಸಿಯನ್ನಂತೂ ಹಾಕಲೇಬೇಡಿ, ಅದು ಬೇರೆಯೇ ಜಾತಿ, ಸಾರಿಗೆ ಕಷಾಯದ ರುಚಿ ಬರುತ್ತದೆ.

ಅಳಿವೆಬಾಗಿಲು (ಕುಂದಾಪುರ)

ತುಳಸಿ ಬೇಡ ಎಂಬುದು ಸರಿ, ಆದರೆ ನಮ್ಮಲ್ಲಿ ಕಾಮಕಸ್ತೂರಿ ಇದೆಯಲ್ಲ! ದಕ್ಷಿಣ ವಿಯೆಟ್ನಾಮಿನ ಫೋ ಬಟ್ಟಲಿನ ಪಕ್ಕದಲ್ಲಿ ಇಡುವ, ಕೆನ್ನೇರಳೆ ಕಡ್ಡಿಯ, ಸೋಂಪಿನ ವಾಸನೆಯ ಎಲೆ ಕಾಮಕಸ್ತೂರಿಯ ಜಾತಿಯದ್ದೇ. ಹೂವಿನ ಮಾಲೆಗೆ ಬೆಳೆಯುವ ಗಿಡಗಳಲ್ಲಿ ಎಲೆಯನ್ನು ಉಜ್ಜಿ ನೋಡಿ, ಸೋಂಪಿನ ವಾಸನೆ ಹೆಚ್ಚಿರುವ ಗಿಡದ್ದನ್ನು ಆರಿಸಿಕೊಂಡರೆ ಆಯಿತು. ಹಾಗೆಯೇ ಅಲ್ಲಿ ‘ನ್ಗೋ ಗಾಯ್’ ಎನ್ನುವ, ಗರಗಸದಂತಹ ಅಂಚಿನ ಉದ್ದನೆಯ ಎಲೆ ಕೊಡಗಿನವರ ಕಾಡು ಕೊತ್ತಂಬರಿಯೇ ಹೊರತು ಬೇರೆಯಲ್ಲ. ಮಡಿಕೇರಿಯ ಸ್ನೇಹಿತರೊಬ್ಬರು ಬುಡಸಮೇತ ತಂದುಕೊಟ್ಟದ್ದು ನಮ್ಮ ಬಾವಿಕಟ್ಟೆಯ ನೆರಳಿನಲ್ಲಿ ಈಗ ಕಳೆಯಂತೆ ಹಬ್ಬಿದೆ. ಲೆಮನ್‌ಗ್ರಾಸ್ ಬೇಕಾದಲ್ಲಿ ನಮ್ಮ ಮಜ್ಜಿಗೆ ಹುಲ್ಲನ್ನು ಬಳಸಬಹುದು, ಆದರೆ ಅವರಿಗೆ ಬೇಕಾದದ್ದು ಎಲೆಯಲ್ಲ, ಬುಡದ ಬಿಳಿಯ ಗೆಡ್ಡೆಯಂತಹ ಭಾಗ. ಹಾಗಾಗಿ ದಪ್ಪ ಬುಡದ ತಳಿಯನ್ನೇ ನೆಡಬೇಕು.

ಕೊಲ್ಲಿಯಾಚೆ (ಸ್ಯಾನ್ ಹೋಸೆ)

ಕಾಮಕಸ್ತೂರಿ ನನಗೆ ಹೊಳೆದಿರಲಿಲ್ಲ, ಸೋಲೊಪ್ಪಿದೆ. ಆದರೂ ರಾವ್ ರಾಮ್ (ವಿಯೆಟ್ನಾಮಿನ ಕೊತ್ತಂಬರಿ) ಮತ್ತು ತಿಯಾ ತೋ (ಪೆರಿಲ್ಲಾ) ಎಂಬೆರಡು ಪರಿಮಳದ ಎಲೆಗಳಿಗೆ ನಮ್ಮಲ್ಲಿ ಬದಲಿ ಇಲ್ಲವೆಂದೇ ನನ್ನ ಹಟ. ಯಾರಾದರೂ ರಾವ್ ರಾಮ್‌ನ ಒಂದು ಕಟ್ಟನ್ನು ತಂದುಕೊಟ್ಟರೆ ನಾಲ್ಕು ಕಡ್ಡಿಗಳನ್ನು ನೀರಿನ ಲೋಟದಲ್ಲಿ ಇಟ್ಟುನೋಡಿ, ವಾರದೊಳಗೆ ಗೆಣ್ಣಿನಲ್ಲಿ ಬೇರೊಡೆಯುತ್ತದೆ.

ಕಾವೇರಿಬಯಲು (ಮೈಸೂರು)

ಇಷ್ಟೆಲ್ಲ ಓದಿದ ಮೇಲೆ ಭಾನುವಾರ ನಾಲ್ಕನೆಯ ಬಾರಿ ಕುಳಿತೆ. ನಾಟಿ ಕೋಳಿ ಬೇಯಲು ಒಂದೂಕಾಲು ಗಂಟೆ ಹಿಡಿಯಿತು, ಮೂಳೆಗಳಿಗೆ ಮತ್ತೆರಡು ಗಂಟೆ. ಸಾರಿನ ತಳದಲ್ಲಿ ಬಿದ್ದಿದ್ದ ಒಂದು ಕೊತ್ತಂಬರಿ ಬೀಜ ಮೇಲಿನಿಂದಲೇ ಕಾಣುತ್ತಿತ್ತು ಎಂದರೆ ಎಷ್ಟು ತಿಳಿಯಾಗಿತ್ತೆಂದು ನೀವೇ ಊಹಿಸಿಕೊಳ್ಳಿ. ಮಸಾಲೆ ಗಂಟನ್ನು ನಲವತ್ತು ನಿಮಿಷಕ್ಕೆ ಎತ್ತಿದೆ. ಅರ್ಧ ಗಂಟೆಗೇ ಎತ್ತಬಹುದಿತ್ತು. ಮೀನಿನ ರಸವನ್ನು ಒಲೆ ಆರಿಸುವ ಮುಂಚೆ ಎರಡೇ ಚಮಚ ಹಾಕಿ, ಉಳಿದ ರುಚಿಯನ್ನು ನಿಂಬೆ, ಮೆಣಸಿನಕಾಯಿ, ಕಾಮಕಸ್ತೂರಿಗಳಿಗೆ ಬಿಟ್ಟೆ. ಹನೋಯ್‌ನವರು ಇಷ್ಟು ಎಲೆ, ಮೊಳಕೆಗಳನ್ನು ನೋಡಿ ಮುಖ ಸಿಂಡರಿಸಬಹುದೆಂದು ಗೊತ್ತಿದೆ. 1954ರಲ್ಲಿ ದೇಶ ಎರಡಾಗಿ ಉತ್ತರದವರು ಲಕ್ಷಗಟ್ಟಲೆ ದಕ್ಷಿಣಕ್ಕೆ ಬಂದಾಗ ಫೋ ಅಲ್ಲಿ ಮನೆಮಾತಾಗಿ, ಅಲ್ಲಿಯ ತೋಟದ ಸೊಪ್ಪನ್ನೆಲ್ಲ ಮೈಮೇಲೆ ಹಾಕಿಕೊಂಡಿತು. ನಾನು ಉಂಡು ಬೆಳೆಸಿಕೊಂಡ ರುಚಿ ಆ ದಕ್ಷಿಣದ್ದು.

ಅತ್ತೆಯವರಿಗೆ ಬೇರೆ ಪಾತ್ರೆಯಲ್ಲಿ ಮೂಲಂಗಿ, ಜೋಳದ ದಿಂಡು, ಕಬ್ಬಿನ ಸಾರು ಮಾಡಿದೆ. ನೂಡಲ್ಸ್ ಬದಲು ಮನೆಯ ಒರಳಿನಲ್ಲಿ ಆಗತಾನೆ ಒತ್ತಿದ ಶ್ಯಾವಿಗೆಯ ಮೇಲೆ ಸುರಿಯಲು ಅವರೇ ಹೇಳಿದರು. ಫೋದ ನೂಡಲ್ಸ್ ಚಪ್ಪಟೆ, ಅದು ಬೇರೆ ಮಾತು. ಆದರೆ ಅಲ್ಲಿ ‘ಬುನ್’ ಎಂಬ ದುಂಡನೆಯ ಅಕ್ಕಿ ಎಳೆಯನ್ನು ಹಿಟ್ಟಿನಿಂದ ನೇರವಾಗಿ ಕುದಿನೀರಿಗೆ ಒತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಬೇಡವೆನ್ನಲು ಮನಸ್ಸಾಗಲಿಲ್ಲ. ಎರಡು ತುತ್ತಾದ ಮೇಲೆ ಅವರು ತಟ್ಟೆಯ ಪಕ್ಕದ ನಿಂಬೆಹೋಳನ್ನು ತಾವಾಗಿಯೇ ಹಿಂಡಿಕೊಂಡರು.

ಕುಂದಾಪುರದವರೆ, ಆ ಕಾಡು ಕೊತ್ತಂಬರಿಯ ಒಂದು ಬುಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಹಾಕಿದರೆ ಮೈಸೂರಿನವರೆಗೆ ತಾಳೀತೇ?

ಅಳಿವೆಬಾಗಿಲು (ಕುಂದಾಪುರ)

ತಾಳುತ್ತದೆ, ಎಲೆಗಳನ್ನು ಕತ್ತರಿಸಿ ಬುಡವನ್ನು ಮಾತ್ರ ಕಳುಹಿಸುತ್ತೇನೆ. ಬಂದ ದಿನವೇ ನೆರಳಿನಲ್ಲಿ ನೆಡಿ. ಬಿಸಿಲಿಗೆ ಬೇಗ ಹೂವು ಬಿಟ್ಟು ಎಲೆ ಬಿರುಸಾಗುತ್ತದೆ.